ಬಾರ್ನ್ಸ್‌ನ 49 ವಿಕೆಟ್, ನಾರಿನ ಮ್ಯಾಟ್, ನಮ್ಮ ಎರೆಮಣ್ಣು

ಒಂದೇ ಟೆಸ್ಟ್ ಸರಣಿಯಲ್ಲಿ ಅತಿ ಹೆಚ್ಚು ವಿಕೆಟ್ ಯಾರದು ಎಂದರೆ ಬಹಳ ಮಂದಿ ವಾರ್ನ್ ಅಂತಲೋ ಮುರಳೀಧರನ್ ಅಂತಲೋ ಹೇಳುತ್ತಾರೆ. ಇಬ್ಬರೂ ಅಲ್ಲ. 1913-14ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಇಂಗ್ಲೆಂಡಿನ ಸಿಡ್ನಿ ಬಾರ್ನ್ಸ್ ಕಿತ್ತ 49 ವಿಕೆಟ್‌ಗಳ ದಾಖಲೆ ನೂರು ವರ್ಷ ದಾಟಿದರೂ ಮುರಿದಿಲ್ಲ. ಅದೂ ನಾಲ್ಕೇ ಟೆಸ್ಟ್‌ನಲ್ಲಿ: ಡರ್ಬನ್‌ನಲ್ಲಿ 105 ರನ್‌ಗೆ 10, ಜೊಹಾನ್ಸ್‌ಬರ್ಗ್‌ನಲ್ಲಿ 159ಕ್ಕೆ 17, ಅಲ್ಲೇ ಇನ್ನೊಮ್ಮೆ 128ಕ್ಕೆ 8, ಮತ್ತೆ ಡರ್ಬನ್‌ನಲ್ಲಿ 144ಕ್ಕೆ 14. ಐದನೆಯದನ್ನು ಆಡಲೇ ಇಲ್ಲ, ದುಡ್ಡಿನ ವಿಚಾರಕ್ಕೆ ಮನಸ್ತಾಪ ಮಾಡಿಕೊಂಡು ಕೂತುಬಿಟ್ಟ.

ಈ ಲೆಕ್ಕದ ಜೊತೆಗೆ ಇನ್ನೆರಡು ಸಂಗತಿ ಹೇಳಬೇಕು. ಆಗ ಬಾರ್ನ್ಸ್ ಯಾವ ದೊಡ್ಡ ಕೌಂಟಿಗೂ (ಅಲ್ಲಿಯ ಜಿಲ್ಲೆಯಂಥ ವಿಭಾಗದ ತಂಡ) ಆಡುತ್ತಿರಲಿಲ್ಲ, ಸ್ಟಾಫರ್ಡ್‌ಶೈರ್ ಎಂಬ ಮೈನರ್ ಕೌಂಟಿಯ ಆಟಗಾರನಾಗಿದ್ದ. ಮತ್ತೆ ಆ ನಾಲ್ಕೂ ಟೆಸ್ಟ್ ನಡೆದದ್ದು ಹುಲ್ಲಿನ ಪಿಚ್ ಮೇಲಲ್ಲ, ನೆಲಕ್ಕೆ ಹಾಸಿದ ಮ್ಯಾಟ್ ಮೇಲೆ. ಎರಡನೆಯದನ್ನು ಬಹಳ ಬರಹಗಳಲ್ಲಿ ಒಂದು ರಿಯಾಯಿತಿಯಂತೆ ಸೇರಿಸುತ್ತಾರೆ, 'ಮ್ಯಾಟ್ ಮೇಲೆ ಆಗಿದ್ದು ಬಿಡಿ' ಎನ್ನುವ ಧಾಟಿಯಲ್ಲಿ. ಕಲಬುರಗಿ, ಬೀದರ್, ಯಾದಗಿರಿ ಕಡೆ ಮ್ಯಾಟ್ ಮೇಲೆ ಲೆದರ್ ಬಾಲ್ ಆಡಿದವರು ಹಾಗೆ ಬಿಡಲಾರರು. ಮ್ಯಾಟ್ ಎಲ್ಲ ಬೌಲರ್‌ಗಳಿಗೂ ಒಂದೇ ಸಮ ಒಲಿಯುವುದಿಲ್ಲ ಎಂಬುದು ಅವರಿಗೆ ಗೊತ್ತು. ಅದು ಯಾರಿಗೆ ಒಲಿಯುತ್ತದೆ, ನಮ್ಮ ಎರೆಮಣ್ಣಿನಲ್ಲಿ ಅದರ ಕೆಳಗಿನ ನೆಲವನ್ನು ಹೇಗೆ ಕಟ್ಟಬೇಕು ಎಂಬುದೇ ಇಲ್ಲಿಯ ವಿಚಾರ.

ಮೊದಲು ಮೈನರ್ ಕೌಂಟಿ ಅಂದರೇನು ನೋಡೋಣ. ಇಂಗ್ಲೆಂಡ್, ವೇಲ್ಸ್ ಸೇರಿ ಪ್ರಥಮ ದರ್ಜೆಯ ಕೌಂಟಿಗಳು ಈಗ 18. ಉಳಿದ ಕೌಂಟಿಗಳಿಗಾಗಿ 1895ರಲ್ಲಿ ಬೇರೆ ಚಾಂಪಿಯನ್‌ಶಿಪ್ ಶುರುವಾಯಿತು. ಮೊದಲ ವರ್ಷದ ಪ್ರಶಸ್ತಿಯನ್ನು ಡರ್ಹಮ್, ನಾರ್ಫಕ್, ವುಸ್ಟರ್‌ಶೈರ್ ಮೂವರೂ ಹಂಚಿಕೊಂಡರು. ವುಸ್ಟರ್‌ಶೈರ್ ಮುಂದಿನ ಮೂರು ವರ್ಷ ಒಂದೇ ಸಮ ಗೆದ್ದು 1899ರಲ್ಲಿ ಮೇಲಿನ ದರ್ಜೆಗೆ ಹೋಯಿತು. 1905ರಲ್ಲಿ ನಾರ್ಥಾಂಪ್ಟನ್‌ಶೈರ್, 1921ರಲ್ಲಿ ಗ್ಲಾಮೊರ್ಗನ್, ಬಹಳ ತಡವಾಗಿ 1992ರಲ್ಲಿ ಡರ್ಹಮ್ ಅದೇ ದಾರಿ ಹಿಡಿದವು. ಬಕಿಂಗ್‌ಹ್ಯಾಮ್‌ಶೈರ್‌ಗೆ 1921ರಲ್ಲಿ ಕರೆ ಬಂದಿತ್ತು, ತಕ್ಕ ಮೈದಾನವಿಲ್ಲವೆಂದು ಒಲ್ಲೆ ಎಂದಿತು. ಬಡ್ತಿ ಕೊಡುತ್ತೇವೆಂದರೂ ಬೇಡವೆಂದ ತಂಡ ಕ್ರೀಡಾಲೋಕದಲ್ಲಿ ಅಪರೂಪ. 2020ರಿಂದ ಇವುಗಳ ಅಧಿಕೃತ ಹೆಸರು ನ್ಯಾಷನಲ್ ಕೌಂಟಿ. 'ಮೈನರ್' ಎಂಬ ಪದ ಚುಚ್ಚುತ್ತಿತ್ತೋ ಏನೋ.

ರಚನೆಯಲ್ಲಿ ಇದು ನಮ್ಮ ಜಿಲ್ಲಾ ತಂಡಕ್ಕೆ ಹತ್ತಿರ. ಮೈನರ್ ಕೌಂಟಿಗೆ ಸಾಮಾನ್ಯವಾಗಿ ಸ್ವಂತ ಮೈದಾನವಿಲ್ಲ, ಪಂದ್ಯ ಬಂದಾಗ ಊರಿನ ಯಾವುದಾದರೂ ಕ್ಲಬ್ಬಿನ ಮೈದಾನ ಕೇಳಿ ಪಡೆಯಬೇಕು. ಆಟಗಾರರು ಶನಿವಾರ ತಂತಮ್ಮ ಕ್ಲಬ್ಬಿಗೆ ಲೀಗ್ ಆಡುವವರು, ವಾರದ ನಡುವೆ ರಜೆ ಹಾಕಿ ಕೌಂಟಿಗೆ ಬರುವವರು. ತಂಡದಲ್ಲಿ ಸಂಬಳ ಪಡೆಯುವ ವೃತ್ತಿಪರ ಒಬ್ಬನೋ ಇಬ್ಬರೋ. ಬಹಳ ಕಾಲ ಪಂದ್ಯಗಳೂ ಎರಡೇ ದಿನದವು, ಆದರೆ ಎರಡೆರಡು ಇನಿಂಗ್ಸ್. ನಾಯಕನಾದವನಿಗೆ ಡಿಕ್ಲೇರ್ ಮಾಡುವ ಧೈರ್ಯ ಬೇಕು, ಇಲ್ಲವಾದರೆ ಎರಡು ದಿನವೂ ಡ್ರಾ ಕಡೆಗೆ ತೆವಳುತ್ತವೆ. (ಮೈದಾನವಿಲ್ಲದ ತಂಡ ಎಂದಾಗ ಗುಲ್ಬರ್ಗ ಮಿಸ್ಟಿಕ್ಸ್ ನೆನಪಾಗುತ್ತದೆ. ಕರ್ನಾಟಕದ ಟಿ20 ಟೂರ್ನಿಯಾದ ಮಹಾರಾಜ ಟ್ರೋಫಿಯನ್ನು 2022ರಲ್ಲಿ ಗೆದ್ದಿತು, ಆ ಟೂರ್ನಿಯ ಒಂದು ಪಂದ್ಯವೂ ಕಲಬುರಗಿಯಲ್ಲಿ ನಡೆಯಲಿಲ್ಲ.)

ದೊಡ್ಡವರಿಗೆ ಪೆಟ್ಟು ಕೊಟ್ಟ ಸಂದರ್ಭಗಳೂ ಇವೆ. ಕೌಂಟಿಗಳ ಒಂದು ದಿನದ ನಾಕೌಟ್ ಟೂರ್ನಿಯಾದ ಜಿಲೆಟ್ ಕಪ್‌ಗೆ 1964ರಿಂದ ಮೈನರ್ ಕೌಂಟಿಗಳನ್ನೂ ಸೇರಿಸಿಕೊಂಡರು. ಒಂಬತ್ತು ವರ್ಷ ಯಾರೂ ಗೆಲ್ಲಲಿಲ್ಲ. 1973ರಲ್ಲಿ ಹ್ಯಾರೊಗೇಟ್‌ನಲ್ಲಿ ಡರ್ಹಮ್ ಯಾರ್ಕ್‌ಶೈರನ್ನು ಮಣಿಸಿತು. ಮರುವರ್ಷ ಲಿಂಕನ್‌ಶೈರ್ ಗ್ಲಾಮೊರ್ಗನ್ನನ್ನು, 1976ರಲ್ಲಿ ಹರ್ಟ್‌ಫರ್ಡ್‌ಶೈರ್ ಎಸೆಕ್ಸನ್ನು, ಕಪ್ಪಿನ ಹೆಸರು ನ್ಯಾಟ್‌ವೆಸ್ಟ್ ಟ್ರೋಫಿ ಎಂದಾದ ಮೇಲೆ 1984ರಲ್ಲಿ ಶ್ರಾಪ್‌ಶೈರ್ ಮತ್ತೆ ಅದೇ ಯಾರ್ಕ್‌ಶೈರನ್ನು ಸೋಲಿಸಿದವು.

ಸ್ಟಾಫರ್ಡ್‌ಶೈರ್ ಕ್ಲಬ್ 1871ರಲ್ಲಿ ಹುಟ್ಟಿದ್ದು. 1906, 1908, 1911ರಲ್ಲಿ ಚಾಂಪಿಯನ್, 1920 ಮತ್ತು 1921ರಲ್ಲಿ ಮತ್ತೆ, 1927ರಲ್ಲಿ ಮತ್ತೊಮ್ಮೆ. ಆಮೇಲೆ 1991ರ ತನಕ ಬರಗಾಲ, ಅಲ್ಲಿಂದ 1993ರ ತನಕ ಸತತ ಮೂರು. ನಡುವಿನ ಆ ಖಾಲಿ ವರ್ಷಗಳಲ್ಲಿಯೂ ಕ್ಲಬ್ ಆಟಗಾರರನ್ನು ಬೆಳೆಸಿ ಬೇರೆಡೆ ಕಳಿಸುತ್ತಲೇ ಇತ್ತು: 1975ರಲ್ಲಿ ಆಸ್ಟ್ರೇಲಿಯಾದ ವೇಗಿಗಳಾದ ಲಿಲಿ, ಥಾಮ್ಸನ್ ಎದುರು ಗಟ್ಟಿಯಾಗಿ ನಿಂತ ಡೇವಿಡ್ ಸ್ಟೀಲ್, ವಿಕೆಟ್‌ಕೀಪರ್ ಬಾಬ್ ಟೇಲರ್ ಇಬ್ಬರೂ ಮೊದಲು ಇಲ್ಲಿ ಆಡಿದವರೇ.

ಬಾರ್ನ್ಸ್ ಈ ಕೌಂಟಿಗೆ 1904ರಿಂದ 1914ರ ವರೆಗೆ, ಮತ್ತೆ 1924ರಿಂದ 1935ರ ವರೆಗೆ ಆಡಿದ. ಹುಟ್ಟಿದ್ದು 1873ರಲ್ಲಿ, ಅಂದರೆ ಕೊನೆಯ ಸೀಸನ್ನಿಗೆ ವಯಸ್ಸು 62. ಸ್ಟಾಫರ್ಡ್‌ಶೈರ್‌ಗಾಗಿ 1,441 ವಿಕೆಟ್, ಸರಾಸರಿ 8.15. ಲ್ಯಾಂಕಾಶೈರ್‌ಗೆ 1902, 1903ರಲ್ಲಿ ಪೂರ್ತಿ ಸೀಸನ್ ಆಡಿ ಬಿಟ್ಟುಬಂದಿದ್ದ. ಕೌಂಟಿಯವರು ವಾರಕ್ಕೆ ಆರು ದಿನ ದುಡಿಸಿ ಕೊಡುವುದಕ್ಕಿಂತ ಲೀಗ್ ಕ್ಲಬ್ಬು ಶನಿವಾರದ ಒಂದು ಆಟಕ್ಕೆ ಕೊಡುವುದು ಲಾಭ ಎಂಬುದು ಆತನ ಲೆಕ್ಕ. ಉಳಿದ ದಿನ ಗುಮಾಸ್ತಿಕೆ. ಅಕ್ಷರ ಮುತ್ತಿನಂಥವು, ಮುಂದೆ ಸ್ಟಾಫರ್ಡ್‌ಶೈರ್ ಕೌಂಟಿ ಕೌನ್ಸಿಲ್‌ಗೆ ದಸ್ತಾವೇಜು ಬರೆದುಕೊಡುವ ಕೆಲಸವನ್ನೂ ಮಾಡಿದ.

8.15 ಎಂಬ ಸರಾಸರಿಯನ್ನು ಹಾಗೇ ನುಂಗಬಾರದು. ಎದುರಾಳಿ ಬ್ಯಾಟ್ಸ್‌ಮನ್‌ಗಳಲ್ಲಿ ಬಹಳಷ್ಟು ಮಂದಿ ವಾರಾಂತ್ಯದ ಆಟಗಾರರು. ಪಿಚ್‌ಗಳಿಗೆ ಹೊದಿಕೆಯಿಲ್ಲ, ರಾತ್ರಿ ಮಳೆ ಬಿದ್ದು ಬೆಳಗ್ಗೆ ಬಿಸಿಲು ಹತ್ತಿದರೆ ಅಂಟು ಪಿಚ್ ಆಗಿ ಚೆಂಡು ಕುಣಿಯುತ್ತದೆ. ಇಷ್ಟು ಕಳೆದ ಮೇಲೂ ಉಳಿಯುವುದು ಸಣ್ಣದಲ್ಲ. 27 ಟೆಸ್ಟ್‌ನಲ್ಲಿ 189 ವಿಕೆಟ್, ಸರಾಸರಿ 16.43. 1911-12ರಲ್ಲಿ ಆಸ್ಟ್ರೇಲಿಯಾದ ಗಟ್ಟಿ ಹುಲ್ಲುಪಿಚ್‌ಗಳ ಮೇಲೆ 34 ವಿಕೆಟ್, ಅಲ್ಲಿ ಮ್ಯಾಟ್ ಇರಲಿಲ್ಲ. 1929ರಲ್ಲಿ 56ನೇ ವಯಸ್ಸಿನಲ್ಲಿ ಮೈನರ್ ಕೌಂಟಿಗಳ ಪರವಾಗಿ ಪ್ರವಾಸಿ ದಕ್ಷಿಣ ಆಫ್ರಿಕಾದ ಎದುರು 41 ರನ್‌ಗೆ 8.

ಇನ್ನು ಮ್ಯಾಟ್. ಬಾರ್ನ್ಸ್ ಆರಡಿ ದಾಟಿದ ಆಳು, ತೋಳು ನೇರ ಮೇಲಿಂದ ಬರುತ್ತಿತ್ತು, ವೇಗ ಮಧ್ಯಮಕ್ಕಿಂತ ಮೇಲೆ. ನೆಲಕ್ಕೆ ಬಿದ್ದು ಪಕ್ಕಕ್ಕೆ ತಿರುಗುವ, ಈಗಿನವರು ಕಟರ್ ಎನ್ನುವ ಚೆಂಡನ್ನು ಆತ ಬೆರಳಿನಿಂದ ತಿರುಗಿಸುತ್ತಿದ್ದ. ಚೆಂಡನ್ನು ಕೊಯ್ಯುವುದಲ್ಲ, ಸ್ಪಿನ್ನೇ ಮಾಡುವುದು ಎಂಬುದು ಆತನ ಹಟ. ನಾರಿನ ಮ್ಯಾಟ್‌ಗೂ ಚೆಂಡಿಗೂ ನಡುವೆ ಉಜ್ಜಾಟ ಹೆಚ್ಚು, ಚೆಂಡಿನ ಹೊಲಿಗೆ (ಸೀಮ್) ಎಳೆಗಳಿಗೆ ಕಚ್ಚುತ್ತದೆ, ಬೆರಳು ಕೊಟ್ಟ ತಿರುವು ಪೋಲಾಗದೆ ಪೂರ್ತಿ ಹೊರಬರುತ್ತದೆ. ಹುಲ್ಲಿನ ಮೇಲೆ ಕೆಲವು ಚೆಂಡು ಜಾರುತ್ತವೆ, ಕೆಲವು ಕಚ್ಚುತ್ತವೆ. ಮ್ಯಾಟ್ ಮೇಲೆ ಹತ್ತಕ್ಕೆ ಒಂಬತ್ತು ಕಚ್ಚುತ್ತವೆ. ಎತ್ತರದಿಂದ ಬಂದ ಚೆಂಡು ತಿರುಗಿ ಬ್ಯಾಟಿನ ಹಿಡಿಯ ಬುಡಕ್ಕೆ ಏಳುತ್ತದೆ.

ಹಾಗಾದರೆ ಎಲ್ಲ ಸ್ಪಿನ್ನರ್‌ಗಳೂ ಬಾರ್ನ್ಸ್ ಆಗಬೇಕಿತ್ತಲ್ಲ? ಆಗುವುದಿಲ್ಲ. ನಿಧಾನವಾಗಿ ಹಾಕಿದರೆ ಬ್ಯಾಟ್ಸ್‌ಮನ್ ಹಿಂದಿನ ಕಾಲಿಗೆ ಹೋಗಿ ತಿರುವನ್ನು ಪೂರ್ತಿ ನೋಡಿ ಆಡುತ್ತಾನೆ, ಏಕೆಂದರೆ ಬೌನ್ಸ್ ನಂಬಿಕಸ್ಥ. ಬರೀ ಸ್ವಿಂಗ್ ನಂಬಿದವನಿಗೆ ನಾರು ಹತ್ತಾರು ಓವರ್‌ನಲ್ಲಿ ಚೆಂಡಿನ ಹೊಳಪು ತಿಂದುಹಾಕುತ್ತದೆ. ಬರೀ ವೇಗದವನಿಗೆ ಸಿಗುವುದು ಸಮನಾದ ಬೌನ್ಸ್, ಅದು ಬ್ಯಾಟ್ಸ್‌ಮನ್‌ಗೂ ಬೇಕಾದದ್ದೇ. ವೇಗವಾಗಿ ತಿರುಗಿಸಬಲ್ಲವನಿಗೆ ಮಾತ್ರ ಮ್ಯಾಟ್ ಪೂರ್ತಿ ಒಲಿಯುತ್ತದೆ. ಪಾಕಿಸ್ತಾನದ ಫಜಲ್ ಮಹಮೂದ್ ಇದಕ್ಕೆ ಇನ್ನೊಂದು ಸಾಕ್ಷಿ. 1952ರಲ್ಲಿ ಲಖನೌದಲ್ಲಿ ಸೆಣಬಿನ ಮ್ಯಾಟ್ ಮೇಲೆ ಭಾರತದ ಎದುರು 94ಕ್ಕೆ 12, 1956ರಲ್ಲಿ ಕರಾಚಿಯಲ್ಲಿ ಆಸ್ಟ್ರೇಲಿಯಾದ ಎದುರು 114ಕ್ಕೆ 13. ಆತನದ್ದೂ ಅದೇ ಸರಕು, ಮಧ್ಯಮ ವೇಗದ ಲೆಗ್ ಕಟರ್. ಕರಾಚಿಯ ಮೊದಲ ದಿನ ಎರಡೂ ತಂಡ ಸೇರಿ ಹೊಡೆದದ್ದು 95 ರನ್.

ಇಂಥ ಬೌಲಿಂಗ್‌ಗೆ ಬ್ಯಾಟ್ಸ್‌ಮನ್‌ನ ಉತ್ತರವೂ ಮ್ಯಾಟ್‌ನಲ್ಲೇ ಇದೆ. 1913-14ರ ಅದೇ ಸರಣಿಯಲ್ಲಿ ದಕ್ಷಿಣ ಆಫ್ರಿಕಾದ ಹರ್ಬಿ ಟೇಲರ್ 508 ರನ್ ಗಳಿಸಿದ, ಸರಾಸರಿ 50.80. ಆತನ ಕ್ರಮ ಇಷ್ಟೇ: ಬೌಲರ್‌ನ ಕೈ ನೋಡುವುದು, ಹಿಂದಿನ ಕಾಲಿಗೆ ಹೋಗುವುದು, ಕೊನೆಯ ಗಳಿಗೆಗೆ ನೇರ ಬ್ಯಾಟ್ ಇಡುವುದು. ಕಲಬುರಗಿಯ ಹುಡುಗರಿಗೆ ಟಿವಿಯಲ್ಲಿ ಕಂಡ ಮುನ್ನುಗ್ಗುವ ಡ್ರೈವ್ ಕಲಿಸಿ ಮ್ಯಾಟ್ ಮೇಲೆ ಇಳಿಸುವ ಕೋಚ್‌ಗಳು ಟೇಲರ್‌ನ ಕ್ರಮ ನೋಡಬೇಕು.

ಇಷ್ಟೆಲ್ಲ ನಿಜವಾಗುವುದು ಮ್ಯಾಟ್ ಕೆಳಗಿನ ನೆಲ ಸರಿಯಿದ್ದಾಗ. ನಮ್ಮಲ್ಲಿ ಕೆಡುವುದು ಅಲ್ಲೇ. ಮ್ಯಾಟ್‌ಗೆ ದುಡ್ಡು ಹೊಂದಿಸುತ್ತಾರೆ, ನೆಲವನ್ನು ಮರೆಯುತ್ತಾರೆ.

ಕಲಬುರಗಿ ಸುತ್ತಿನ ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಇಂಗ್ಲೆಂಡಿನಲ್ಲಿ ಪಿಚ್‌ಗೆ ಬಳಸುವ ಲೋಮ್ ಮಣ್ಣಿನಲ್ಲಿ ಜೇಡಿ ಅಂಶ ನೂರಕ್ಕೆ 25ರಿಂದ 35, ನಮ್ಮ ಎರೆಯಲ್ಲಿ 40ರಿಂದ 60. ಏಪ್ರಿಲ್‌ನಲ್ಲಿ ಬೆರಳು ತೂರುವಷ್ಟು ಬಿರುಕು. ಅದರ ಮೇಲೆ ಮ್ಯಾಟ್ ಹಾಸಿದರೆ ಬಿರುಕು ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ಚೆಂಡು ಬಿರುಕಿನ ಅಂಚಿಗೆ ಬಿದ್ದರೆ ಒಂದು ನಮೂನೆ, ನಡುವೆ ಬಿದ್ದರೆ ಇನ್ನೊಂದು. ಬ್ಯಾಟ್ಸ್‌ಮನ್ ಮ್ಯಾಟ್‌ಗೆ ಬೈಯುತ್ತಾನೆ. ಬೀದರ್‌ನವರಿಗೆ ಈ ತಾಪತ್ರಯ ಕಡಿಮೆ, ಅಲ್ಲಿಯ ಜಂಬಿಟ್ಟಿಗೆ ನೆಲ ಉಬ್ಬುವುದಿಲ್ಲ. ಮೇಲಿನ ಅರ್ಧ ಅಡಿ ಕೆತ್ತಿ ಮುರುಮ್ (ಗರಸು ಮಣ್ಣು) ಹಾಕಿ ಉರುಳಿಸಿದರೆ ಸಾಕು. ಎರೆಯಲ್ಲಿ ಮಾತ್ರ ಮಣ್ಣು ಬದಲಿಸದೆ ಗತಿಯಿಲ್ಲ.

80 ಅಡಿ ಉದ್ದ, 12 ಅಡಿ ಅಗಲ, ಒಂದೂವರೆ ಅಡಿ ಆಳ ಅಗೆಯಿರಿ. ಮಳೆಗಾಲ ಮುಗಿದು ಮಣ್ಣಿನಲ್ಲಿ ಹದ ಇರುವ ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲೇ ಅಗೆಯಬೇಕಾಗಿ ಬಂದರೆ ತಳಕ್ಕೆ ಮೂರ್ನಾಲ್ಕು ದಿನ ನೀರು ಬಿಟ್ಟು ಉಬ್ಬುವಷ್ಟು ಉಬ್ಬಲಿ ಎಂದು ಬಿಡಿ, ಇಲ್ಲವಾದರೆ ಜೂನ್‌ನಲ್ಲಿ ಅದೇ ಮಣ್ಣು ಕೆಳಗಿಂದ ಎಲ್ಲವನ್ನೂ ಎತ್ತುತ್ತದೆ.

ಎರೆಮಣ್ಣಿನಲ್ಲಿ ತೋಡಿದ ಗುಂಡಿ ಅಂದರೆ ನೀರಿನ ತೊಟ್ಟಿ. ಸುತ್ತಲ ಜೇಡಿ ನೀರನ್ನು ಹೊರಗೆ ಬಿಡುವುದಿಲ್ಲ, ಒಳಗೆ ತುಂಬಿದ ಕಲ್ಲು, ಮುರುಮ್ ನೀರನ್ನು ಬಾ ಎಂದು ಕರೆಯುತ್ತವೆ. ಆದ್ದರಿಂದ ತಳವನ್ನು ಒಂದು ಮೂಲೆಗೆ ಇಳಿಜಾರು ಮಾಡಿ, ಅಲ್ಲಿಂದ ನಾಲ್ಕಿಂಚಿನ ಪಿವಿಸಿ ಪೈಪನ್ನು ತಗ್ಗು ಜಾಗಕ್ಕೆ ಒಯ್ಯಲೇಬೇಕು. ಪೈಪಿನ ಬಾಯಿಗೆ ಜಾಳಿಗೆ ಕಟ್ಟಿ. ಗುಂಡಿಯ ನಾಲ್ಕೂ ಗೋಡೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಇಳಿಬಿಟ್ಟರೆ ಪಕ್ಕದ ಎರೆಯ ಹಸಿ ಒಳಗೆ ಬರುವುದಿಲ್ಲ. ಈ ಪೈಪ್ ಉಳಿಸಲು ಹೋಗಿ ಪೂರಾ ಕೆಲಸ ಕೆಡಿಸಿಕೊಳ್ಳುವುದು ಅತಿ ಸಾಮಾನ್ಯ ತಪ್ಪು. ಮೊದಲ ಮಳೆಗಾಲ ದಾಟಿದ ಮೇಲೆ ನಡುವೆ ತಗ್ಗು ಬಿದ್ದಾಗಲೇ ಗೊತ್ತಾಗುವುದು.

ಕೆಳಗಿನ ಅರ್ಧ ಅಡಿಗೆ 40 ಎಂಎಂ ಖಡಿ (ಜಲ್ಲಿ), ಸುಮಾರು ಐದು ಬ್ರಾಸ್ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ). ಶಹಾಬಾದ್ ಫರ್ಶಿಯ ಚೂರು ಅಗ್ಗಕ್ಕೆ ಸಿಗುತ್ತದೆಂದು ಅದನ್ನು ತುಂಬಬೇಡಿ. ಚಪ್ಪಟೆ ಕಲ್ಲು ಒಂದರ ಮೇಲೊಂದು ಕೂತು ತೊಯ್ದಾಡುತ್ತದೆ, ನಡುವೆ ಪೊಳ್ಳು ಉಳಿಯುತ್ತದೆ. ಖಡಿಯ ಸಂದಿಗೆ ಕಲ್ಲಿನ ಪುಡಿ ತುಂಬಿ ಉರುಳಿಸಿ, ಇಲ್ಲವೆಂದರೆ ಮೇಲಿನ ಮುರುಮ್ ನಿಧಾನಕ್ಕೆ ಕೆಳಗಿಳಿಯುತ್ತದೆ. ಮೇಲಿನ ಒಂದು ಅಡಿಗೆ ಮುರುಮ್, ಗಟ್ಟಿಯಾದ ಮೇಲೆ ಒಂಬತ್ತೂವರೆ ಬ್ರಾಸ್ ಬೇಕು. ಸಡಿಲವಾಗಿ ಬರುವುದರಿಂದ ಹನ್ನೆರಡು, ಹದಿಮೂರು ತರಿಸಿ. ಟ್ರ್ಯಾಕ್ಟರ್ ಟ್ರಾಲಿಗೆ ಒಂದು ಬ್ರಾಸ್ ಎಂದು ಹಿಡಿದರೆ ಅಷ್ಟೇ ಟ್ರಿಪ್.

ಹನ್ನೆರಡು ಇಂಚನ್ನೂ ಒಟ್ಟಿಗೆ ಸುರಿದು ಮೇಲೆ ರೋಲರ್ ಓಡಿಸಿದರೆ ಗಟ್ಟಿಯಾಗುವುದು ಮೇಲಿನ ಮೂರಿಂಚು ಮಾತ್ರ. ಕೈ ರೋಲರ್‌ನ ಭಾರ ಅದಕ್ಕಿಂತ ಕೆಳಗೆ ಹೋಗುವುದಿಲ್ಲ. ನಾಲ್ಕಿಂಚು ಹರಡಿ, ನೀರು ಚಿಮುಕಿಸಿ, ಮೂರಿಂಚಿಗೆ ಇಳಿಯುವ ತನಕ ಉರುಳಿಸಿ, ಆಮೇಲೆ ಮುಂದಿನ ಪದರ. ನೀರಿನ ಹದ ನೋಡಲು ಒಂದು ಹಿಡಿ ಮುರುಮ್ ಮುಷ್ಟಿಯಲ್ಲಿ ಹಿಸುಕಿ: ಉಂಡೆ ನಿಲ್ಲಬೇಕು, ಅಂಗೈಗೆ ಹಸಿ ಹತ್ತಬಾರದು, ಬೆರಳಿನಿಂದ ಒತ್ತಿದರೆ ಎರಡು ಮೂರು ತುಂಡಾಗಬೇಕು. ಪುಡಿಯಾದರೆ ನೀರು ಸಾಲದು, ಮೆತ್ತಗಾದರೆ ಹೆಚ್ಚಾಗಿದೆ. ಹೆಚ್ಚಾದಾಗ ರೋಲರ್ ಮುಂದೆ ಮಣ್ಣು ಅಲೆಯಂತೆ ಸರಿಯುತ್ತದೆ, ಅಂದು ಕೆಲಸ ನಿಲ್ಲಿಸಿ ಮನೆಗೆ ಹೋಗುವುದೇ ಲೇಸು.

ಎಲ್ಲಕ್ಕಿಂತ ಮೇಲಿನ ಒಂದು ಇಂಚು ಜರಡಿ ಹಿಡಿದ ಮುರುಮ್ ಆಗಿರಲಿ, ಅದರಲ್ಲಿ ಬಟಾಣಿಗಿಂತ ದೊಡ್ಡ ಹರಳು ಇರಬಾರದು. ಐದು ಬುಟ್ಟಿಗೆ ಒಂದು ಬುಟ್ಟಿ ಎರೆಮಣ್ಣು ಬೆರೆಸಿ. ಬರೀ ಮುರುಮ್ ಆದರೆ ವಾರದಲ್ಲೇ ಧೂಳೆದ್ದು ಮ್ಯಾಟ್ ಕೆಳಗೆ ಸೇರಿಕೊಳ್ಳುತ್ತದೆ. ಎರೆ ಹೆಚ್ಚಾದರೆ ಮತ್ತೆ ಬಿರುಕು, ಮಾಡಿದ ಕೆಲಸವೆಲ್ಲ ನೀರುಪಾಲು. ಪಿಚ್ ಸುತ್ತಲ ನೆಲಕ್ಕಿಂತ ಎರಡಿಂಚು ಎತ್ತರವಿರಲಿ. ಉದ್ದಕ್ಕೆ ಮಟ್ಟ ನೋಡಲು ಗೌಂಡಿಗಳ ನೀರಿನ ಪೈಪ್ ಸಾಕು. ಮೇಲ್ಮೈಗೆ ಹತ್ತಡಿಯ ಅಲ್ಯುಮಿನಿಯಂ ಪಟ್ಟಿ ಇಟ್ಟಾಗ ಕೆಳಗೆ ಐದು ಎಂಎಂಗಿಂತ ಹೆಚ್ಚು ಸಂದು ಕಾಣಬಾರದು.

ಮ್ಯಾಟ್ ಅಳತೆಗೆ ನಿಯಮವಿದೆ. ಹುಲ್ಲಲ್ಲದ ಪಿಚ್‌ಗೆ ಕನಿಷ್ಠ 58 ಅಡಿ ಉದ್ದ, 6 ಅಡಿ ಅಗಲ. 58 ಎಲ್ಲಿಂದ ಬಂತು ಎಂದರೆ, ಸ್ಟಂಪಿನಿಂದ ಸ್ಟಂಪಿಗೆ 66 ಅಡಿ, ಎರಡೂ ಕಡೆ ಸ್ಟಂಪಿನ ಮುಂದಿನ ಗೆರೆಯಾದ ಪಾಪಿಂಗ್ ಕ್ರೀಸ್‌ಗೆ ನಾಲ್ಕು ನಾಲ್ಕು ಅಡಿ ಕಳೆದರೆ ಉಳಿಯುವುದು ಅಷ್ಟೇ. 58 ಅಡಿಯದು ಹಾಕಿದರೆ ಬೌಲರ್‌ನ ಮುಂಗಾಲು ಮ್ಯಾಟ್ ಹರಿಯುವುದು ಕಡಿಮೆ, ಆದರೆ ಬ್ಯಾಟ್ಸ್‌ಮನ್ ನಿಲ್ಲುವ ಕಡೆ ಮಣ್ಣು ಗುಳಿಬಿದ್ದು ದಿನಾ ಸಂಜೆ ತುಂಬಬೇಕು. 66 ಅಡಿಯದಾದರೆ ಬ್ಯಾಟ್ಸ್‌ಮನ್‌ಗೆ ಸುಖ, ಬೌಲರ್ ಪ್ರತಿ ಓವರ್‌ಗೂ ಮ್ಯಾಟನ್ನು ಮುಂದಕ್ಕೆ ನೂಕಿ ನೆರಿಗೆ ಎಬ್ಬಿಸುತ್ತಾನೆ. ಅಭ್ಯಾಸದ ನೆಟ್‌ಗೆ ಚಿಕ್ಕದು, ಪಂದ್ಯಕ್ಕೆ ಉದ್ದದ್ದು ಎನ್ನುವುದು ನಮ್ಮ ತೀರ್ಮಾನ. ಯಾವುದೇ ಇರಲಿ, ಮೊಳೆ ಬೂಟು ಬೇಡ, ರಬ್ಬರ್ ತಳದವೇ ಆಗಬೇಕು.

ಹಾಸುವಾಗ ಮೊದಲು ನೆಲ ಗುಡಿಸಿ, ತುಸು ನೀರು ಹೊಡೆದು, ಉರುಳಿಸಿ, ಒಣಗಲು ಬಿಡಿ. ಸ್ಟಂಪಿನಿಂದ ಸ್ಟಂಪಿಗೆ ಲೈನ್‌ದೋರಿ ಕಟ್ಟಿ ಮ್ಯಾಟಿನ ನಡುಗೆರೆ ಅದಕ್ಕೆ ಹೊಂದಿಸಿ. ಒಂದು ತುದಿಗೆ ಅರ್ಧರ್ಧ ಅಡಿಗೊಂದು ಆರಿಂಚಿನ ಮೊಳೆ, ವಾಷರ್ ಸಮೇತ. ಇನ್ನೊಂದು ತುದಿಯನ್ನು ನಾಲ್ಕು ಜನ ಹಾರೆಗೆ ಸುತ್ತಿ ಎಳೆದು ಹಿಡಿದಾಗಲೇ ಅಲ್ಲಿ ಮೊಳೆ ಹೊಡೆಯಬೇಕು. ಬದಿಯ ಮೊಳೆಗಳು ಕೊನೆಗೆ, ನಡುವಿನಿಂದ ತುದಿಗಳ ಕಡೆಗೆ, ಎರಡೆರಡು ಅಡಿಗೊಂದು, ಎದುರುಬದುರು. ಒಂದು ಬದಿ ಪೂರ್ತಿ ಹೊಡೆದು ಆಮೇಲೆ ಇನ್ನೊಂದು ಬದಿಗೆ ಹೋದರೆ ಮ್ಯಾಟ್ ಬಾಳೆಹಣ್ಣಿನಂತೆ ಬಾಗುತ್ತದೆ. ಮೊಳೆಯ ತಲೆ ನಾರಿಗಿಂತ ಕೆಳಗೆ ಕೂರಬೇಕು. ಎದ್ದ ಒಂದು ತಲೆಗೆ ಚೆಂಡು ತಾಗಿದರೆ ಹಲ್ಲು ಹೋಗುತ್ತದೆ. ಕ್ರೀಸ್ ಎಳೆಯುವ ಮೊದಲು ಮೂಲೆ ನೇರವಿದೆಯೇ ಎಂದು 6, 8, 10 ಅಡಿಯ ತ್ರಿಕೋನದಲ್ಲಿ ನೋಡಿಕೊಳ್ಳಿ.

ಪಿಚ್ ಎಷ್ಟು ಚುರುಕು ಎಂದು ಅಳೆಯಲು ಇಂಗ್ಲೆಂಡಿನ ಗ್ರೌಂಡ್ಸ್‌ಮನ್‌ಗಳಲ್ಲಿ ಸುಲಭದ ಪರೀಕ್ಷೆಯಿದೆ. 16 ಅಡಿ ಎತ್ತರದಿಂದ ಚೆಂಡನ್ನು ಎಸೆಯದೆ ಕೈ ಬಿಡಬೇಕು. 30 ಇಂಚಿಗಿಂತ ಮೇಲೆ ಪುಟಿದರೆ ಅತಿ ವೇಗ, 25ರಿಂದ 30 ವೇಗ, 20ರಿಂದ 25 ಮಧ್ಯಮಕ್ಕಿಂತ ಮೇಲು, 15ರಿಂದ 20 ಸರಾಗ, ಅದಕ್ಕಿಂತ ಕೆಳಗೆ ನಿಧಾನ. ಅದು ಹುಲ್ಲುಪಿಚ್‌ನ ಅಳತೆ, ಆದರೂ ಮ್ಯಾಟ್ ಮೇಲೆ ಜಾಗದಿಂದ ಜಾಗಕ್ಕೆ ಹೋಲಿಸಲು ಸಾಕು. ಏಣಿ ಹಾಕಿ, ಪಕ್ಕದಲ್ಲಿ ಸ್ಟಂಪ್ ನೆಡಿ. ಸ್ಟಂಪ್ 28 ಇಂಚು, ಬೇರೆ ಪಟ್ಟಿ ಬೇಡ. ಎರಡೂ ಕಡೆಯ ಗುಡ್‌ಲೆಂಗ್ತ್ ಜಾಗದಲ್ಲಿ (ಒಳ್ಳೆಯ ಚೆಂಡು ಹೆಚ್ಚಾಗಿ ನೆಲ ತಾಗುವ ಕಡೆ) ಐದೈದು ಸಲ ಬಿಡಿ. ಒಂದೇ ಜಾಗದ ಪುಟಿತದಲ್ಲಿ ನಾಲ್ಕಿಂಚಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಲ್ಲಿ ಮ್ಯಾಟ್ ಎತ್ತಿ ನೋಡಿ. ಬಹಳ ಸಲ ಸಿಗುವುದು ಹರಳು, ಧೂಳಿನ ಗುಡ್ಡೆ, ಇಲ್ಲವೇ ಪೊಳ್ಳು.

ಮ್ಯಾಟ್ ಮೊದಲು ಸವೆಯುವುದೂ ಅದೇ ಗುಡ್‌ಲೆಂಗ್ತ್‌ನಲ್ಲಿ, ಬಲಗೈ ಬ್ಯಾಟ್ಸ್‌ಮನ್‌ನ ಆಫ್ ಸ್ಟಂಪಿನ ಹೊರಗೆ. ಆಗ ಈ ತುದಿ ಆ ಕಡೆ, ಆ ತುದಿ ಈ ಕಡೆ ಎಂದು ತಿರುಗಿಸಿ ಹಾಸುವವರಿದ್ದಾರೆ. ಅದರಿಂದ ಏನೂ ಆಗದು, ಇತ್ತಲಿನ ಆಫ್ ಸವೆತ ಅತ್ತಲಿನ ಆಫ್‌ಗೇ ಹೋಗಿ ಕೂರುತ್ತದೆ. ಉದ್ದದ ಅಂಚು ಹಿಡಿದು ಮಗುಚಿ ಹಾಕಬೇಕು, ಆಗ ಸವೆದದ್ದು ಲೆಗ್ ಕಡೆಗೆ, ಅಡಿಮೈಗೆ ಹೋಗಿ ಹೊಸ ನಾರು ಆಫ್‌ಗೆ ಬರುತ್ತದೆ. ನೇಯ್ದ ನಾರಿನ ಮ್ಯಾಟ್‌ಗೆ ಎರಡೂ ಮೈ ಒಂದೇ. ಸೆಣಬಿನದು ತೆಳು, ಮೆತ್ತಗೆ, ಮಗುಚುವ ಮೊದಲೇ ಹರಿದಿರುತ್ತದೆ.

ಮೇ ಕೊನೆಗೆ ಮೊಳೆ ಕಿತ್ತು, ಎರಡೂ ಮೈಯನ್ನು ಬಿಸಿಲಿಗೆ ಹಾಕಿ, ಬಡಿದು ಧೂಳು ಕೊಡವಿ ಸುತ್ತಿಡಿ. ಹಸಿಯಲ್ಲಿ ಸುತ್ತಿದರೆ ಒಳಗಿಂದ ಕೊಳೆಯುತ್ತದೆ. ಮಡಚಬೇಡಿ, ಮಡಚಿದ ಗೆರೆ ಸೀಸನ್ ಪೂರ್ತಿ ಹೋಗುವುದಿಲ್ಲ. ಬಿದಿರಿನ ಗಳಕ್ಕೆ ಸುತ್ತಿ, ನೆಲಕ್ಕೆ ತಾಗದಂತೆ ಎರಡು ಕಲ್ಲಿನ ಮೇಲೆ ಇಡಿ, ನಡುನಡುವೆ ಬೇವಿನ ಸೊಪ್ಪು. ಹೊರಗೆ ಖಾಲಿ ಬಿದ್ದ ಪಿಚ್ ಮೇಲೆ ದನ ತಿರುಗಾಡದಂತೆ ಮುಳ್ಳು ಹಚ್ಚಿ, ಪೈಪಿನ ಬಾಯಿ ಕಟ್ಟಿಕೊಂಡಿಲ್ಲವೇ ಎಂದು ಮೊದಲ ಮಳೆಯ ಮರುದಿನ ಹೋಗಿ ನೋಡಿ.